ಹಳದಿ ಬಸ್ಸಿಗೆ ಕೆಂಪು ಕಾರ್ಡು

ನಾಗರತ್ನಮ್ಮ ರಸ್ತೆಗೆ ಬೆನ್ನು ಹಾಕಿ ಚಹಾ ಎತ್ತಿ ಎತ್ತಿ ಹೊಯ್ಯುತ್ತಿದ್ದಳು. ತಿರುವಿನಾಚೆ ಎಲ್ಲೋ ಒಂದು ಹಾರ್ನ್ ಕೇಳಿಸಿತು. ಬಸ್ಸು ಇನ್ನೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಹಳದಿ ಬಂತು. ಬತ್ತೇರಿಗೆ ಹೋಗೋರು ಲೋಟ ಕೆಳಗಿಡಿ," ಅಂದಳು.

ಬೆಂಚಿನ ಮೇಲಿದ್ದ ಇಬ್ಬರು ಲೋಟ ಕೆಳಗಿಟ್ಟು ಎದ್ದರು. ಬಂದು ನಿಂತದ್ದು ಅಪ್ಪಟ ನೀಲಿ ಬಸ್ಸು. ಇಬ್ಬರೂ ಅದನ್ನೇ ಹತ್ತಿ ಹೋದರು. ಹಳದಿ ಅಂದಿರಲ್ಲ, ಇದು ನೀಲಿಯಲ್ಲವೇ ಅಂತ ಒಬ್ಬರೂ ತಕರಾರು ತೆಗೆಯಲಿಲ್ಲ. ಕೊಳವಳ್ಳಿಯಲ್ಲಿ ಆ ತಕರಾರಿನ ಕಾಲ ಎಂದೋ ಮುಗಿದುಹೋಗಿತ್ತು.

ನಾಗರತ್ನಮ್ಮ ಮದುವೆಯಾಗಿ ಹೊಳೆ ದಾಟಿ ಬಂದವಳು. ಕಬಿನಿಯ ಆಚೆ ದಡ ಕರ್ನಾಟಕ, ಈಚೆ ದಡ ಕೇರಳ. ತೋಣಿಯಲ್ಲಿ ಕೂತರೆ ಒಂದು ಎಲೆಅಡಿಕೆ ಹಾಕಿ ಮುಗಿಸುವಷ್ಟು ದೂರವೂ ಇಲ್ಲ. ಆದರೆ ಈಚೆ ದಡದ ಬೋರ್ಡುಗಳೆಲ್ಲ ಮಲಯಾಳ. ಮಾತು ಆರು ತಿಂಗಳಲ್ಲಿ ಬಂತು, ಓದು ಮಾತ್ರ ಕೊನೆಗೂ ಬರಲಿಲ್ಲ. ಅದರಿಂದ ತೊಂದರೆಯೂ ಆಗಲಿಲ್ಲ. ಆಗ ಒಂದೊಂದು ಬಸ್ಸಿಗೆ ಒಂದೊಂದು ಬಣ್ಣ. ಹಳದಿ ಹತ್ತಿದರೆ ಬತ್ತೇರಿ, ಹಸಿರು ಹತ್ತಿದರೆ ಮಾನಂದವಾಡಿ, ಕೆಂಪು ಮುಳ್ಳನ್ಕೊಲ್ಲಿ ತನಕ, ಬದನೆಕಾಯಿ ಬಣ್ಣದ್ದು ಪುಲ್ಪಳ್ಳಿಯಲ್ಲಿ ನಿಂತುಬಿಡುತ್ತದೆ. ಇಪ್ಪತ್ತು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ದಿನ, ಖಾಸಗಿ ಬಸ್ಸುಗಳೆಲ್ಲ ಒಂದೇ ಬಣ್ಣಕ್ಕೆ ಬರಬೇಕು ಅಂತ ಆದೇಶವಾಗಿ, ನಾಲ್ಕೂ ಬಸ್ಸುಗಳು ನೀಲಿಯಾದವು.

"ಸರ್ಕಾರದೋರು ನನ್ನ ಬೋರ್ಡುಗಳನ್ನೆಲ್ಲ ಒಂದೇ ವಾರದಲ್ಲಿ ಅಳಿಸಿಬಿಟ್ರು," ಅನ್ನುತ್ತಿದ್ದಳು ನಾಗರತ್ನಮ್ಮ. ಬತ್ತೇರಿಗೆ ಕಣ್ಣಿನ ಡಾಕ್ಟರ ಹತ್ತಿರ ಹೊರಟವಳು ಮಾನಂದವಾಡಿಯಲ್ಲಿ ಇಳಿದದ್ದೂ ಉಂಟು. ಯಾವ ಬಸ್ಸು ಅಂತ ಯಾರನ್ನಾದರೂ ಕೇಳಬಹುದಿತ್ತು. ಬಸ್ಸು ತಿರುಗುವ ಜಾಗದಲ್ಲೇ ಚಾಯಕಡೆ, ಅಂದರೆ ಚಹಾದಂಗಡಿ, ಇಟ್ಟುಕೊಂಡಿರುವವಳು ಬಸ್ಸು ಯಾವುದು ಅಂತ ಕೇಳುವುದೇ? ಕೇಳಲಿಲ್ಲ. ಕಿವಿ ಕೊಟ್ಟಳು. ನಾಲ್ಕು ಬಸ್ಸಿನ ನಾಲ್ಕು ಹಾರ್ನುಗಳನ್ನು ಹಗಲಿಡೀ ಕೇಳಿದಳು. ಒಂದು ವರ್ಷವೋ ಎರಡು ವರ್ಷವೋ ಆದ ಮೇಲೆ, ಹಾರ್ನ್ ಆದ ಕೂಡಲೇ ಹಳೆಯ ಬಣ್ಣ ತಾನಾಗಿ ಬರತೊಡಗಿತು.

"ನೆನಪಾಗೋದಾ ಅತ್ತೆ?" ಅಂತ ಅರ್ಚನಾ ಮೊದಲ ಸಲ ಕೇಳಿದ್ದಳು.

"ನೆನಪಲ್ಲ ಕಣವ್ವ, ಬಣ್ಣ. ಎಡಗಡೆಯಿಂದ ಏರ್ತದೆ, ಹಾಲು ಉಕ್ಕಿ ಬಂದಂಗೆ. ಹಾರ್ನ್ ನಿಂತ ಮೇಲೆ ಇಳಿದೋಗ್ತದೆ."

ಈ ಒಂದು ಮಾತು ಅರ್ಚನಾಳನ್ನು ಸ್ಟೂಲು ಸಮೇತ ಚಾಯಕಡೆಯ ಮೂಲೆಯಲ್ಲಿ ಕೂರಿಸಿತ್ತು.

ಅರ್ಚನಾ ನಾಗರತ್ನಮ್ಮನ ಅಣ್ಣನ ಮಗಳು; ಆ ಅಣ್ಣನೂ ಹೊಳೆ ದಾಟಿ ಬಂದು ಈಚೆ ದಡದ ಚೇಕಾಡಿಯಲ್ಲಿ ನೆಲೆಸಿದವನು. ಕೋಳಿಕ್ಕೋಡಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದಳು; ಪ್ರಬಂಧವೊಂದು ಬಾಕಿ. ಸದ್ದು ಕೇಳಿದರೆ ಬಣ್ಣ ಕಾಣುವ, ಅಕ್ಷರ ನೋಡಿದರೆ ರುಚಿ ಹತ್ತುವ ಕೆಲವರು ಇರುತ್ತಾರೆ. ಅದಕ್ಕೆ ಸಿನೆಸ್ತೀಸಿಯ ಅಂತ ಹೆಸರು. ಅದು ಹುಟ್ಟಿನಿಂದ ಮಾತ್ರ ಬರುವುದೋ, ಬದುಕುತ್ತ ಬದುಕುತ್ತ ಕಲಿಯಲೂ ಬಹುದೋ? ಇದು ಅವಳ ಪ್ರಶ್ನೆ. ಒಂದು ಸಲ ಬರೆದು ಕೊಟ್ಟಿದ್ದಳು. ಗೈಡ್ ಸರಿತ ಟೀಚರ್ ಪುಟದ ಅಂಚಿನಲ್ಲೆಲ್ಲ ಒಂದೇ ಮಾತು ಬರೆದು ಹಿಂದಿರುಗಿಸಿದ್ದರು: ಹೌದೋ, ಅಲ್ಲವೋ?

ಹೌದೂ ಅನ್ನದೆ ಅಲ್ಲವೂ ಅನ್ನದೆ ಇರುವುದು ಅರ್ಚನಾಳ ಹುಟ್ಟುಗುಣ. ಯಾರಾದರೂ ಏನಾದರೂ ಕೇಳಿದರೆ ಅವಳು ಎಷ್ಟು ಹೊತ್ತು ಸುಮ್ಮನಿರುತ್ತಿದ್ದಳೆಂದರೆ, ಕೇಳಿದವರೇ ಉತ್ತರ ಕಂಡುಕೊಂಡು ಹೋಗಿಬಿಡುತ್ತಿದ್ದರು. ಬಾಯಿ ಬಿಟ್ಟರೆ "ಒಂಥರಾ" ಅನ್ನುತ್ತಿದ್ದಳು. ಊಟ ಹೇಗಿದೆ? ಒಂಥರಾ ಇದೆ. ಹಾಸ್ಟೆಲು ಹೇಗೆ? ಒಂಥರಾ. ಇಡೀ ಪ್ರಬಂಧವೂ ಒಂಥರಾ ಇತ್ತು. ಟೀಚರ್ ಒಂದು ಸಲ ಗಡುವು ಮುಂದಕ್ಕೆ ಹಾಕಿಸಿಕೊಟ್ಟಿದ್ದರು. ಈ ತಿಂಗಳ ಮೂವತ್ತಕ್ಕೆ ಅದೂ ಮುಗಿಯುತ್ತಿತ್ತು. ಅಷ್ಟರೊಳಗೆ ಹೌದು ಅಥವಾ ಅಲ್ಲ ಅಂತ ಒಂದನ್ನು ಬರೆದು ಕೊಡದಿದ್ದರೆ ಡಿಗ್ರಿ ಇಲ್ಲ.

ಅತ್ತೆಯ ವಿಷಯ ಫೋನಿನಲ್ಲಿ ಹೇಳಿದಾಗ ಟೀಚರಿಗೆ ಖುಷಿಯಾಯಿತು. ಆದರೆ ತಕ್ಷಣವೇ, "ಅವರಿಗೆ ಹುಟ್ಟಿನಿಂದ ಇತ್ತೋ ಏನೋ, ಯಾರು ಬಲ್ಲರು? ಇಲ್ಲದವರೊಬ್ಬರಿಗೆ ಕಲಿಸಿ ನೋಡು," ಅಂದರು.

"ಯಾರಿಗೆ?"

"ನಿನಗೆ ಇದೆಯಾ?"

ಅರ್ಚನಾ ಬಹಳ ಹೊತ್ತು ಸುಮ್ಮನಿದ್ದಳು.

"ಸರಿ, ಇಲ್ಲ ಅಂತ ಇಟ್ಟುಕೊಳ್ಳೋಣ. ನೀನೇ ಕಲಿ. ಆದರೆ ಅತ್ತೆಯ ಬಣ್ಣಗಳು ಬೇಡ, ಬೇರೆ ಬಣ್ಣ ಹಚ್ಚು. ಇಲ್ಲದಿದ್ದರೆ ಕೇಳಿದ್ದನ್ನೇ ಹೇಳುತ್ತೀಯ."

ಹಾಗೆ ನಾಲ್ಕು ಬಸ್ಸಿಗೆ ನಾಲ್ಕು ಚೀಟಿ ಬರೆದು, ಅತ್ತೆಯ ಬಣ್ಣವೇ ಬಿದ್ದರೆ ಮತ್ತೆ ಎತ್ತುವುದು ಅಂತ ಕಟ್ಟು ಹಾಕಿ, ಬಾಬುವಿನ ಕೈಯಲ್ಲಿ ಎತ್ತಿಸಿದ್ದಾಯಿತು. ಬಾಬು ಕಾಡಂಚಿನ ಹಾಡಿಯವನು. ಮೆಣಸಿನ ಬಳ್ಳಿಗೆ ಏಣಿ ಹಾಕಿ ಕೊಯ್ಯುವ ಕೆಲಸ, ಬೆಳಗಿನ ಚಹಾ ಇಲ್ಲೇ. ಎಂಟೂ ಹತ್ತರ ಬತ್ತೇರಿ ಬಸ್ಸಿಗೆ, ಅಂದರೆ ಅತ್ತೆಯ ಹಳದಿಗೆ, ಕೆಂಪು ಬಿತ್ತು. ಮಾನಂದವಾಡಿಯದಕ್ಕೆ ಹಳದಿ. ಮುಳ್ಳನ್ಕೊಲ್ಲಿಯದಕ್ಕೆ ನೇರಳೆ. ಪುಲ್ಪಳ್ಳಿಯದಕ್ಕೆ ಹಸಿರು. ಹಾರ್ನ್ ಆದ ಕೂಡಲೇ ಆ ಬಣ್ಣದ ಕಾರ್ಡನ್ನು ಮುಖದ ಮುಂದೆ ಹಿಡಿದು, ಸದ್ದು ನಿಲ್ಲುವ ತನಕ ಅದನ್ನೇ ನೋಡಬೇಕು. ಇಪ್ಪತ್ತೆಂಟು ದಿನ. ಇಪ್ಪತ್ತೊಂಬತ್ತನೆಯ ದಿನ ಪರೀಕ್ಷೆ.

"ಹಳದಿ ಬಂತು," ಅಂತ ಅತ್ತೆ ಅನ್ನುವಳು. ಅರ್ಚನಾ ಕೆಂಪು ಕಾರ್ಡು ಎತ್ತುವಳು. ನೀಲಿ ಬಸ್ಸು ಬಂದು ನಿಲ್ಲುವುದು.

ಬಾಬು ಬೆಂಚಿನಿಂದ ಇದನ್ನೆಲ್ಲ ಗಂಭೀರವಾಗಿ ನೋಡುವನು. ಅರ್ಚನಾಳನ್ನು ಅವನು ಕರೆಯುವುದು ಮೋಳೇ, ಮಗಳೇ ಅಂತ.

"ಏನಾದರೂ ಕಂಡಿತಾ ಮೋಳೇ?"

"ಇಲ್ಲ."

"ನನಗೆ ಕಂಡಿತು."

"ಏನು?"

"ಬಸ್ಸು."

ಅತ್ತೆ ನಕ್ಕ ರಭಸಕ್ಕೆ ಚಹಾ ಲೋಟದ ಹೊರಗೆ ಬಿತ್ತು.

ದಿನ ಕಳೆದವು. ಕಾರ್ಡು ಇಳಿಸಿ ಕಣ್ಣು ಮುಚ್ಚಿದರೆ ಎಲ್ಲರಿಗೂ ಕಾಣುವ ಕಪ್ಪೇ ಅವಳಿಗೂ ಕಂಡಿತು. ಹತ್ತನೆಯ ದಿನ ಹಾರ್ನು ಕೇಳಿ ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ತಲೆನೋವು ಬಂತು.

"ಬಲವಂತ ಮಾಡಿದರೆ ಸೀನೂ ಬರಲ್ಲ ಕಣೇ," ಅಂದಳು ಅತ್ತೆ, ಬಾಣಲೆಗೆ ಬಾಳೆಹಣ್ಣಿನ ಹೋಳು ಬಿಡುತ್ತ. "ಬಾ, ಪಳಂಪೊರಿ ಬಿಸಿ ಇದೆ, ತಿನ್ನು."

"ನಮ್ಮೋರಲ್ಲಿ ಯಾರಿಗೂ ಇದು ಇಲ್ಲ," ಅಂದ ಬಾಬು. "ಯಾಕೆ ಹೇಳು? ಕಾಡಲ್ಲಿ ಸದ್ದು ಕೇಳಿದ ಕೂಡಲೇ ಓಡಬೇಕು. ಆನೆ ಬಂತು ಅಂತ ಆದಾಗ ಆಹಾ ಏನು ಬಣ್ಣ ಅಂತ ನಿಂತೋರು ಯಾರೂ ಉಳೀಲಿಲ್ಲ."

ಅರ್ಚನಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳ ಹಳೆಯ ಪ್ರಬಂಧದಲ್ಲಿದ್ದ ಎಲ್ಲ ವಾದಗಳಿಗಿಂತ ಅದು ಗಟ್ಟಿಯಾಗಿತ್ತು.

ಮಧ್ಯಾಹ್ನ ಬಸ್ಸಿಲ್ಲದ ಹೊತ್ತಿನಲ್ಲಿ ಅಂಗಡಿ ಸುಮ್ಮನಾಗುತ್ತಿತ್ತು. ಆ ಹೊತ್ತು ಅವಳಿಗೆ ಇಷ್ಟ. ಒಲೆಯ ಮೇಲೆ ಹಾಲಿನ ಪಾತ್ರೆ ಸಣ್ಣಗೆ ಗುನುಗುವುದು, ಹೊಳೆಯ ಕಡೆಯಿಂದ ಯಾರೋ ತೋಣಿಯನ್ನು ಕರೆಯುವುದು, ಅದೂ ನಿಲ್ಲುವುದು. ಆ ಮೌನದಲ್ಲಿ ಕೂತಾಗಲೇ ಒಂದು ಯೋಚನೆ ಬರತೊಡಗಿತ್ತು: ಹೌದು ಅಂತ ಬರೆದುಬಿಟ್ಟರೆ? ಅವಳ ಕಣ್ಣೊಳಗೆ ಇಳಿದು ನೋಡುವವರು ಯಾರು? ಕೆಂಪು ಕಂಡಿತು ಅಂದರೆ ಕಂಡಿತು. ಈ ಜಗತ್ತಿನಲ್ಲಿ ಸಿಕ್ಕಿಬೀಳದ ಸುಳ್ಳು ಅದೊಂದೇ ಇರಬೇಕು. ಯೋಚನೆ ಬಂದಾಗಲೆಲ್ಲ ಅವಳು ಎದ್ದು ಲೋಟ ತೊಳೆಯಲು ಹೋಗುತ್ತಿದ್ದಳು. ಅತ್ತೆ ಅದನ್ನು ತಪ್ಪಾಗಿ ತಿಳಿದು, ಓದಿದ ಹುಡುಗಿಗೂ ಮನೆಕೆಲಸದ ಮೇಲೆ ಮನಸ್ಸು ಬಂತು ಅಂತ ಅಣ್ಣನಿಗೆ ಫೋನು ಮಾಡಿದಳು.

ಹದಿನೇಳನೆಯ ದಿನ ಎಂಟೂ ಹತ್ತರ ಬಸ್ಸು ಹಾರ್ನ್ ಹೊಡೆಯದೆ ಬಂತು.

ತಿರುವಿನಲ್ಲಿ ಸದ್ದಿಲ್ಲ, ಅಂಗಡಿಯ ಮುಂದೆ ಸದ್ದಿಲ್ಲ. ಕಳ್ಳನ ಹಾಗೆ ಬಂದು ನಿಂತು, ಜನ ಹತ್ತಿಸಿಕೊಂಡು, ಅಷ್ಟೇ ಮೆಲ್ಲಗೆ ಹೊರಟುಹೋಯಿತು. ಅರ್ಚನಾ ಕಾರ್ಡು ಹಿಡಿದವಳು ಹಿಡಿದಂತೆಯೇ ಕೂತಿದ್ದಳು. ಮಾರನೆಯ ದಿನ ಮಾನಂದವಾಡಿಯದೂ ಸುಮ್ಮನೆ ಬಂತು. ಅದರ ಮಾರನೆಯ ದಿನ ಮುಳ್ಳನ್ಕೊಲ್ಲಿಯದು. ಪುಲ್ಪಳ್ಳಿಯ ಬಸ್ಸೊಂದು ಮಾತ್ರ ಎಂದಿಗಿಂತ ಹೆಚ್ಚು ಹಾರ್ನ್ ಹೊಡೆಯುತ್ತ, ಮದುವೆ ದಿಬ್ಬಣ ತಂದ ಹಾಗೆ ಬರುತ್ತಿತ್ತು.

ಅರ್ಚನಾಗೆ ಮೌನ ಅಂದರೆ ಯಾವಾಗಲೂ ಹಿತವೇ. ಆದರೆ ಈ ಎಂಟೂ ಹತ್ತರ ಮೌನದಲ್ಲಿ ಏನೋ ಕಿತ್ತುಕೊಂಡ ಹಾಗೆ ಇತ್ತು. ಏನು ಅಂತ ಅವಳಿಗೆ ಹೇಳಲು ಬರಲಿಲ್ಲ. ಒಂಥರಾ ಇತ್ತು.

ಇಪ್ಪತ್ತನೆಯ ದಿನ, ಗುರುವಾರ, ನಾಗರತ್ನಮ್ಮ ಮಾನಂದವಾಡಿಯಲ್ಲಿ ನಾದಿನಿಯನ್ನು ನೋಡಲು ಹೊರಟಳು. ಹೊಸ ಸೀರೆ ಉಟ್ಟು, ಅಂಗಡಿಯನ್ನು ಅರ್ಚನಾಗೆ ಒಪ್ಪಿಸಿ, ರಸ್ತೆಗೆ ಇಳಿದಳು. ಸದ್ದಿಲ್ಲದೆ ಒಂದು ನೀಲಿ ಬಸ್ಸು ಬಂದು ನಿಂತಿತು. ಅವಳು ಒಂದು ಕ್ಷಣ ತಡೆದಳು, ಆಮೇಲೆ ತಲೆಯೆತ್ತಿ ಹತ್ತಿಬಿಟ್ಟಳು. ಸಂಜೆಯ ಬಸ್ಸಿಗೆ ಹಿಂದಿರುಗಿದವಳು ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಎಷ್ಟು ನಕ್ಕಳೆಂದರೆ ಬಾಬು ನೀರು ತಂದುಕೊಡಬೇಕಾಯಿತು.

"ಬತ್ತೇರಿಗೆ ಹೋಗಿಬಂದೆ ಕಣೇ!" ಅಂದಳು ಕೊನೆಗೆ. "ಪುಲ್ಪಳ್ಳಿ ದಾಟಿ ಬಸ್ಸು ಬೇರೆ ದಾರಿ ಹಿಡಿದಾಗಲೇ ಗೊತ್ತಾಗಿದ್ದು. ಡ್ರೈವರ್ ಹತ್ರ ಹೋಗಿ, ಲೋ ಜಿಷ್ಣು, ಹಾರ್ನ್ ಯಾಕೋ ಹೊಡೀಲಿಲ್ಲ, ನಿನ್ನಿಂದ ನಾನು ಹಾಳಾದೆ ಅಂತ ಬೈದೆ. ಆಗ ಬಾಯಿ ಬಿಟ್ಟ. ನೀನು ಅವನ್ನ ಆಟದಿಂದ ಆಚೆಗೆ ಹಾಕಿದ್ದೀಯಂತೆ!"

"ಯಾವ ಆಟ?"

"ಕಾಲ್ಚೆಂಡು!"

ಬಾಬುವಿಗೆ ಮೊದಲು ಹೊಳೆಯಿತು. ಅವನು ಹಣೆ ಚಚ್ಚಿಕೊಂಡ. ಆಮೇಲೆ ಅರ್ಚನಾಗೂ ಹೊಳೆದು, ಕಿವಿ ಬಿಸಿಯಾಯಿತು. ಫುಟ್‌ಬಾಲಿನ ಹುಚ್ಚು ಹತ್ತಿದ ನಾಡಿನಲ್ಲಿ ದಿನಾ ಎರಡು ಹೊತ್ತು ರಸ್ತೆ ಬದಿಯಲ್ಲಿ ಕೂತು, ಬಸ್ಸು ಹಾರ್ನ್ ಹೊಡೆದ ಕೂಡಲೇ ಒಬ್ಬಳು ಕೆಂಪು ಕಾರ್ಡು ಎತ್ತಿದರೆ ಡ್ರೈವರುಗಳು ಏನು ತಿಳಿಯಬೇಕು? ಹಳದಿ ಅಂದರೆ ಎಚ್ಚರಿಕೆ. ಕೆಂಪು ಅಂದರೆ ಹೊರಗೆ. ನೇರಳೆಗೆ ಏನು ಅರ್ಥ ಅಂತ ಪುಲ್ಪಳ್ಳಿ ಸ್ಟ್ಯಾಂಡಿನಲ್ಲಿ ಮೂರು ದಿನ ಚರ್ಚೆಯಾಗಿ, ಅದು ಕೆಂಪಿಗಿಂತಲೂ ಕೆಟ್ಟದ್ದು ಅಂತ ತೀರ್ಮಾನವಾಗಿತ್ತು. ಕೋಳಿಕ್ಕೋಡಿನ ಯಾವುದೋ ಕಾಲೇಜಿನಿಂದ ಹಾರ್ನಿನ ಗಲಾಟೆ ಅಳೆಯಲು ಹುಡುಗಿಯನ್ನು ಕೂರಿಸಿದ್ದಾರೆ, ವರದಿ ಮೇಲಕ್ಕೆ ಹೋಗುತ್ತದೆ ಅಂತ ಸುದ್ದಿ ಹಬ್ಬಿತ್ತು.

"ಅವನಿಗೆ ಹೊಟ್ಟೆ ಉರೀತಿರೋದು ಕೆಂಪಿಗಲ್ಲ," ಅಂದಳು ಅತ್ತೆ. "ಪುಲ್ಪಳ್ಳಿ ಬಸ್ಸಿನ ಸಜೀವನಿಗೆ ಹಸಿರು ಕೊಟ್ಟಿದ್ದೀಯಲ್ಲ, ಅದಕ್ಕೆ. ಸಜೀವ ಎಲ್ಲರ ಎದುರೂ ಎದೆ ಉಬ್ಬಿಸಿಕೊಂಡು ತಿರುಗ್ತಾ ಇದ್ದಾನಂತೆ."

ಇನ್ನೂ ಎಂಟು ದಿನದ ಅಭ್ಯಾಸ ಬಾಕಿಯಿತ್ತು. ಹಾರ್ನ್ ಇಲ್ಲದೆ ಅಭ್ಯಾಸವಿಲ್ಲ, ಅಭ್ಯಾಸವಿಲ್ಲದೆ ಹೌದೂ ಇಲ್ಲ ಅಲ್ಲವೂ ಇಲ್ಲ. ಯಾರಾದರೂ ಹೋಗಿ ಹೇಳಬೇಕು. ಅರ್ಚನಾ ಅತ್ತೆಯ ಮುಖ ನೋಡಿದಳು.

"ನನ್ನ ಮುಖ ಯಾಕೆ ನೋಡ್ತೀ? ಕಾರ್ಡು ತೋರಿಸಿದ್ದು ನಾನಾ?"

ಮರುದಿನ ಬೆಳಿಗ್ಗೆ ಎಂಟೂ ಹತ್ತರ ಬಸ್ಸು ಮೆಲ್ಲಗೆ ಬಂದು ನಿಂತಾಗ ಅರ್ಚನಾ ರಸ್ತೆ ದಾಟಿ ಡ್ರೈವರ್ ಕಿಟಕಿಯ ಕೆಳಗೆ ನಿಂತಳು. ಜಿಷ್ಣು ಇಪ್ಪತ್ತೆಂಟರ ಹುಡುಗ. ಮನೆಮಾತು ಮಲಯಾಳ, ಹೊಳೆಯಾಚೆಯ ಜನರನ್ನು ಹತ್ತಿಸಿ ಇಳಿಸಿ ಕನ್ನಡವೂ ಬಾಯಿಗೆ ಹತ್ತಿತ್ತು. ಭಾನುವಾರ ಮುಳ್ಳನ್ಕೊಲ್ಲಿ ತಂಡದಲ್ಲಿ ಆಡುವವನು. ಅವನು ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ, ಪರೀಕ್ಷಾ ಹಾಲಿನಲ್ಲಿ ಕೂತವನ ಹಾಗೆ.

ಬಸ್ಸಿನೊಳಗಿನ ಮೂವತ್ತು ಜನ ಕಿಟಕಿಯ ಈ ಕಡೆಗೆ ಬಾಗಿದರು.

"ನೀವು ಹಾರ್ನ್ ಹೊಡೀಬೇಕು," ಅಂದಳು ಅರ್ಚನಾ.

"ಹೊಡೆದರೂ ಕೆಂಪು, ಹೊಡೀದಿದ್ದರೂ ಕೆಂಪು ಹಿಡ್ಕೊಂಡೇ ಕೂತಿರ್ತೀರಿ. ನಾನೇನು ಮಾಡಬೇಕು ಮೇಡಂ?"

"ಕೆಂಪು ನಿಮಗಲ್ಲ. ನಿಮ್ಮ ಹಾರ್ನಿಗೆ."

"ಅದೇ ತಾನೇ ನಾನೂ ಹೇಳೋದು!"

"ಚೀಟಿ ಎತ್ತಿದ್ದು ಅದು. ನಿಮಗೆ ಕೆಂಪು ಬಿತ್ತು."

"ಚೀಟಿ ಎತ್ತಿ ರೆಡ್ ಕಾರ್ಡ್ ಕೊಡೋದಾ? ಯಾವ ಊರಿನ ರೆಫರಿ ನೀವು?"

ಬಸ್ಸು ನಕ್ಕಿತು. ಅರ್ಚನಾ ಹಿಂದಿರುಗಿ ಓಡಿಬಿಡಬೇಕು ಅಂದುಕೊಂಡಳು. ಆದರೆ ಹಾಗೆ ಮಾಡಲಿಲ್ಲ. ಅಲ್ಲೇ ನಿಂತು, ಸದ್ದಿನಲ್ಲಿ ಬಣ್ಣ ಕಾಣುವವರ ವಿಷಯ, ಅತ್ತೆಯ ವಿಷಯ, ಅದನ್ನು ಕಲಿಯಬಹುದೋ ಅಂತ ತಾನು ನೋಡುತ್ತಿರುವ ವಿಷಯ, ಎಲ್ಲ ಹೇಳಿದಳು. ಅವಳ ಜೀವಮಾನದಲ್ಲೇ ಅಷ್ಟುದ್ದ ಮಾತಾಡಿರಲಿಲ್ಲ. ಹಿಂದಿನ ಸೀಟಿನ ಮುದುಕನೊಬ್ಬ ಕೆಮ್ಮಿ, "ಇದು ಯಾವ ಬಣ್ಣ, ನೋಡಿ ಹೇಳವ್ವ," ಅಂದ.

ಜಿಷ್ಣು ಗಲ್ಲ ಕೆರೆದುಕೊಂಡು ಯೋಚಿಸಿದ.

"ಹಾಗಾದರೆ ಸಜೀವಣ್ಣನ ಹಸಿರಿಗೂ ಏನೂ ಅರ್ಥ ಇಲ್ಲ?"

"ಇಲ್ಲ."

"ಅದನ್ನ ಒಂದು ಪೇಪರಲ್ಲಿ ಬರೆದು ಸಹಿ ಹಾಕಿ ಕೊಡ್ತೀರಾ?"

ಕೊಟ್ಟಳು. ಕನ್ನಡದಲ್ಲಿ ಒಂದು, ಮಲಯಾಳದಲ್ಲಿ ಒಂದು.

ಮಾರನೆಯ ದಿನದಿಂದ ಹಾರ್ನ್ ಬಂತು. ಆದರೆ ಎಂಥ ಹಾರ್ನ್! ಮೂರು ಸಲ, ಅಳೆದು ತೂಗಿ, ಕಚೇರಿಯ ಬಾಗಿಲು ತಟ್ಟಿದ ಹಾಗೆ.

"ಹಳದಿಗೆ ನೀರು ಬೆರೆಸಿದ್ದಾನೆ," ಅಂದಳು ಅತ್ತೆ ಬೇಸರದಿಂದ. "ಏನು ಹೇಳಿ ಹೆದರಿಸಿದೆಯೇ ಅವನ್ನ?"

"ಹೆದರಿಕೆಯ ಹಾರ್ನ್ ಅಲ್ಲ ಅದು," ಅಂದ ಬಾಬು, ಲೋಟದೊಳಕ್ಕೆ ನೋಡುತ್ತ. "ನಾಚಿಕೆಯ ಹಾರ್ನ್."

ಅರ್ಚನಾ ಲೋಟ ತೊಳೆಯಲು ಹೋದಳು.

ನಾಲ್ಕು ದಿನಕ್ಕೆ ಜಿಷ್ಣುವಿನ ನಾಚಿಕೆ ಇಳಿದು ಹಾರ್ನ್ ಮೊದಲಿನ ಒರಟಿಗೆ ಬಂತು. ಕಾರ್ಡು ಎತ್ತುವುದು, ಇಳಿಸುವುದು, ಕಣ್ಣು ಮುಚ್ಚುವುದು ನಡೆಯಿತು. ಕೆಂಪು ಬರಲಿಲ್ಲ. ನೇರಳೆ ಬರಲಿಲ್ಲ. ಯಾವುದೂ ಬರಲಿಲ್ಲ. ಇಪ್ಪತ್ತೆಂಟು ದಿನ ಮುಗಿದವು.

ಇಪ್ಪತ್ತೊಂಬತ್ತನೆಯ ದಿನ ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ ಪರೀಕ್ಷೆ. ನಾಲ್ಕು ಹಾರ್ನುಗಳನ್ನೂ ಮೊದಲ ದಿನವೇ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಒಂದೊಂದು ಹತ್ತು ಸಲ, ಒಟ್ಟು ನಲವತ್ತು. ಯಾವ ಕ್ರಮದಲ್ಲಿ ಅಂತ ಟೀಚರ್ ಪಟ್ಟಿ ಕಳಿಸಿದ್ದರು. ಅರ್ಚನಾ ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕೂರಬೇಕು. ಅತ್ತೆ ಫೋನು ಒತ್ತಿ, ಅರ್ಚನಾ ಹೇಳಿದ್ದನ್ನು ಬರೆದುಕೊಳ್ಳಬೇಕು.

"ನೀನು ಬಾಯಿ ಬಿಡಬಾರದು ಅತ್ತೆ. ಹಳದಿ ಬಂತು ಅಂತ ಅಂದುಬಿಟ್ಟರೆ ಎಲ್ಲ ಮುಗೀತು."

"ಅನ್ನಲ್ಲ."

"ಅಂತೀಯ."

ಅತ್ತೆ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಬಾಬು ಸಾಕ್ಷಿಗೆ ಕೂತ.

ಈ ಪರೀಕ್ಷೆಯ ಒಂದು ದೌರ್ಬಲ್ಯ ಅರ್ಚನಾಗೆ ಮೊದಲಿನಿಂದಲೂ ಗೊತ್ತಿತ್ತು. ಯಾವ ಹಾರ್ನಿಗೆ ಯಾವ ಕಾರ್ಡು ಅನ್ನುವುದು ಈಗ ಅವಳಿಗೆ ಬಾಯಿಪಾಠ. ನಲವತ್ತಕ್ಕೆ ನಲವತ್ತು ಸರಿ ಹೇಳಬಲ್ಲಳು. ಕಂಡೆಯೋ ಇಲ್ಲವೋ ಅನ್ನುವುದೊಂದೇ ಪ್ರಶ್ನೆ, ಅದಕ್ಕೆ ಸಾಕ್ಷಿ ಅವಳೊಬ್ಬಳೇ.

ಮೊದಲ ಹಾರ್ನ್, ಮುಳ್ಳನ್ಕೊಲ್ಲಿಯದು. ಕಪ್ಪು.

"ಇಲ್ಲ," ಅಂದಳು.

ಎರಡನೆಯದು ಸಜೀವನದು. "ಇಲ್ಲ."

ಮೂರನೆಯದು ಜಿಷ್ಣುವಿನದು. ಅರ್ಚನಾ ಬಾಯಿ ತೆರೆದವಳು ಹಾಗೇ ಕೂತಳು. ಬಲಗಡೆ ಕೆಳಗಿನಿಂದ ಏನೋ ನೆನೆಯುತ್ತ ಬಂತು, ಬಿಳಿ ಬಟ್ಟೆಯ ಅಂಚಿಗೆ ಅರಿಸಿನದ ನೀರು ತಾಗಿ ಮೇಲಕ್ಕೆ ಹತ್ತುವ ಹಾಗೆ. ಹಾರ್ನ್ ನಿಂತಿತು, ಅದು ಒಣಗಿತು.

ರೆಪ್ಪೆಯ ಮೇಲೆ ಬಿಸಿಲು ಬಿದ್ದಿರಬೇಕು. ಸ್ಟೂಲನ್ನು ನೆರಳಿಗೆ ಎಳೆದುಕೊಂಡಳು.

"ಇನ್ನೊಂದು ಸಲ ಅದನ್ನೇ ಹಾಕು ಅತ್ತೆ."

ಮತ್ತೆ ಬಂತು. ಅದೇ ಮೂಲೆ, ಅದೇ ಬಣ್ಣ. ಕೆಂಪಲ್ಲ. ಇಪ್ಪತ್ತೆಂಟು ದಿನ ಎರಡು ಹೊತ್ತು ಮುಖದ ಮುಂದೆ ಹಿಡಿದ ಕೆಂಪು ಎಲ್ಲೂ ಇರಲಿಲ್ಲ.

ಅತ್ತೆಯ ಪೆನ್ನು ಕಾಯುತ್ತಿತ್ತು. ಕೆಂಪು ಅಂತ ಒಂದು ಮಾತು ಹೇಳಿದರೆ ಟೀಚರ್ ಕೇಳಿದ ಹೌದು ಸಿಕ್ಕಿಬಿಡುತ್ತದೆ. ಡಿಗ್ರಿ ಸಿಕ್ಕಿಬಿಡುತ್ತದೆ. ಅದರಲ್ಲಿ ಪೂರ್ತಿ ಸುಳ್ಳೂ ಇಲ್ಲ, ಬಣ್ಣ ಕಂಡದ್ದು ನಿಜವೇ. ಹೆಸರು ಮಾತ್ರ ಬೇರೆ. ಅರ್ಚನಾ ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ಬಾಬು ಎದ್ದು ಬಂದು ಅವಳ ಮುಖ ನೋಡಿ, ನಿದ್ದೆ ಬಂದಿಲ್ಲ ಅಂತ ಖಾತ್ರಿ ಮಾಡಿಕೊಂಡು ಹೋದ.

"ಹಳದಿ," ಅಂದಳು.

ಹಿಂದಿನಿಂದ ಉಸಿರುಕಟ್ಟಿದಂಥ ಸದ್ದು ಬಂತು. ಸೆರಗು ಬಾಯೊಳಗೇ ಇತ್ತು.

ಉಳಿದ ಮೂರು ಬಸ್ಸುಗಳು ಕೊನೆಯ ತನಕ ಕಪ್ಪಾಗಿಯೇ ಉಳಿದವು. ಜಿಷ್ಣುವಿನ ಹಾರ್ನ್ ಹತ್ತು ಸಲ ಆಯಿತು, ಹತ್ತು ಸಲವೂ ಹಳದಿ. ನಲವತ್ತು ಮುಗಿದ ಕೂಡಲೇ ಅತ್ತೆ ಸೆರಗು ಕಿತ್ತೆಸೆದು, "ನಾನು ಹೇಳಲಿಲ್ಲ! ಬಾಬು, ನಾನು ಬಾಯಿ ಬಿಟ್ಟೆನಾ? ಅವಳೇ ಹೇಳಿದ್ದು!" ಅಂತ ಕೂಗಿದಳು.

ಅರ್ಚನಾ ಆ ಬಸ್ಸು ಹಳದಿಯಾಗಿದ್ದುದನ್ನು ನೋಡಿಯೇ ಇರಲಿಲ್ಲ. ಆಗ ಅವಳು ಈ ದಾರಿಯಲ್ಲಿ ಓಡಾಡಿದವಳಲ್ಲ. ಅವಳು ಬಲ್ಲದ್ದು ಅತ್ತೆಯ ಬಾಯಿಂದ ಕೇಳಿದ ಹಳದಿಯನ್ನು ಮಾತ್ರ.

"ಅತ್ತೆ, ನಾನು ಕಂಡೆನೋ, ನೀನು ಹೇಳಿದ್ದು ನೆನಪಾಯಿತೋ ಗೊತ್ತಾಗ್ತಿಲ್ಲ."

"ಅಂಗಡಿಗೆ ಬಂದೋರನ್ನ ನಾನು, ಹೊಟ್ಟೆ ಹಸಿದು ತಿಂತಿದ್ದೀರೋ ಬಾಯಿ ಚಪಲಕ್ಕೆ ತಿಂತಿದ್ದೀರೋ ಅಂತ ಕೇಳ್ತೀನಾ? ಪಳಂಪೊರಿ ಖಾಲಿ ಆಯ್ತು ತಾನೇ?" ಅತ್ತೆ ಹತ್ತಿರ ಬಂದು, "ಎಡಗಡೆಯಿಂದ ಬಂತಾ?" ಅಂತ ಮೆತ್ತಗೆ ಕೇಳಿದಳು.

"ಬಲಗಡೆಯಿಂದ."

"ನನ್ನದು ಎಡಗಡೆ. ಹಂಗಾದರೆ ನನ್ನದನ್ನ ಕದ್ದಿಲ್ಲ ನೀನು."

ಸಂಜೆ ಸರಿತ ಟೀಚರಿಗೆ ಫೋನು ಮಾಡಿದಳು. ಎಲ್ಲ ಹೇಳಿದ ಮೇಲೆ ಟೀಚರ್ ಎಂದಿನ ಮಾತನ್ನೇ ಕೇಳಿದರು.

"ಹೌದೋ, ಅಲ್ಲವೋ?"

"ಕಾರ್ಡಿನಿಂದ ಅಲ್ಲ ಟೀಚರ್. ಅತ್ತೆಯಿಂದ ಹೌದು."

ಈ ಸಲ ಸುಮ್ಮನಾದದ್ದು ಟೀಚರ್. ಫೋನು ಕಟ್ಟಾಯಿತೇನೋ ಅಂತ ಅರ್ಚನಾ ಎರಡು ಸಲ ಪರದೆ ನೋಡಿದಳು.

"ನೀನು ಹಾಕಿಕೊಂಡ ಯೋಜನೆಯ ಲೆಕ್ಕದಲ್ಲಿ ಇದು ನಲವತ್ತಕ್ಕೆ ಸೊನ್ನೆ, ಗೊತ್ತಲ್ಲ?"

"ಗೊತ್ತು."

"ಕೆಂಪು ಅಂದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ."

"ಅದೂ ಗೊತ್ತು."

"ಸರಿ, ಸೊನ್ನೆ ಅಂತಲೇ ಬರಿ. ಅಲ್ಲ ಅನ್ನುವುದೂ ಉತ್ತರವೇ. ಅದರ ಕೆಳಗೆ ಈ ಹಳದಿಯ ವಿಷಯ ಇದ್ದದ್ದು ಇದ್ದ ಹಾಗೆ ಬರಿ. ಹೊರಗಿನಿಂದ ಬರುವ ಪರೀಕ್ಷಕರು ನಿನ್ನನ್ನು ಹುರಿದು ತಿನ್ನುತ್ತಾರೆ, ತಯಾರಾಗಿರು. ಮತ್ತೆ, ಒಂಥರಾ ಅನ್ನುವ ಮಾತು ಎಲ್ಲಾದರೂ ಕಂಡರೆ ನಾನೇ ಹರಿದು ಹಾಕುತ್ತೇನೆ." ಫೋನು ಇಡುವ ಮುಂಚೆ ಕೇಳಿದರು, "ನಿನ್ನ ಅತ್ತೆಯನ್ನು ಯಾವ ಅಧ್ಯಾಯಕ್ಕೆ ಹಾಕುತ್ತೀಯ?"

ಅದನ್ನೇ ಅರ್ಚನಾ ಮರುದಿನ ಬೆಳಿಗ್ಗೆ ಯೋಚಿಸುತ್ತ ಕೂತಿದ್ದಳು. ಪ್ರಬಂಧದ ಮೊದಲ ಪುಟದಲ್ಲಿ ತರಬೇತಿ ಕೊಟ್ಟವರ ಹೆಸರು ಅಂತ ಒಂದು ಸಾಲಿತ್ತು. ಅಲ್ಲಿ ಮೊದಲು 'ಸ್ವತಃ' ಅಂತ ತುಂಬಿದ್ದಳು. ಅದನ್ನು ಅಳಿಸಿ, ಕನ್ನಡದಲ್ಲೇ ಬೇರೆ ಹೆಸರು ಹಾಕಿದಳು.

"ನನ್ನ ಹೆಸರು ಯಾಕೆ ಅಲ್ಲಿ?" ಅತ್ತೆ ಹೆಗಲ ಮೇಲಿಂದ ಬಗ್ಗಿ ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು. "ಏನು ಅಂತ ಬರೆದಿದ್ದೀ?"

"ನನಗೆ ಕಲಿಸಿದವರು ಅಂತ."

"ಮೂರನೇ ಕ್ಲಾಸಿಗೆ ಓದು ಬಿಟ್ಟ ನಾನು ಎಂ.ಎಸ್ಸಿ.ಗೆ ಟೀಚರಾ?"

"ಹೌದು," ಅಂದಳು ಅರ್ಚನಾ. ತಡಮಾಡದೆ ಅಂದಳು.

ನಾಗರತ್ನಮ್ಮ ಬಾಬುವಿನ ಕಡೆ ನೋಡಿದಳು, ಒಲೆಯ ಕಡೆ ನೋಡಿದಳು. ಆಮೇಲೆ ಚಹಾದ ಮಗ್ಗನ್ನು ತಂದು ಅರ್ಚನಾಳ ಕೈಗಿಟ್ಟು, ಅವಳನ್ನು ಸ್ಟೂಲಿನಿಂದ ಎಬ್ಬಿಸಿ ತಾನು ಕೂತಳು.

"ಹಂಗಾದರೆ ಚಹಾ ನೀನು ಹೊಯ್ಯಿ. ಬಾಬುಗೆ ಸಕ್ಕರೆ ಕಮ್ಮಿ. ಟೀಚರಮ್ಮನಿಗೆ ಎರಡು ಚಮಚ."